ಹೆಸರಿನ ಬೆನ್ನಿಗೆ ಬರುವ ಉಸಿರು

ಫೆಬ್ರವರಿ ೩

ಪ್ರೀತಿಯ ಅಬ್ಬಾ,

ಅಸ್ಸಲಾಮು ಅಲೈಕುಮ್. ನಿಮ್ಮ ಕಾಗದ ಬಂದು ಹತ್ತು ದಿನವಾಯಿತು, ಉತ್ತರ ತಡವಾಯಿತೆಂದು ಬೈಯಬೇಡಿ. ಫೋನು ಮಾಡೋಣವೆಂದರೆ ನಿಮಗೆ ಕೇಳಿಸುವುದಿಲ್ಲ. ಮೆಸೇಜು ಕಳಿಸಿದರೆ ‘ಇದೇನು ಇರುವೆ ಸಾಲು’ ಎಂದು ಅಮ್ಮಿಯ ಕೈಗೆ ಕೊಡುತ್ತೀರಿ. ಅಮ್ಮಿ ಅದನ್ನು ನಿಮ್ಮ ಮುಂದೆ ನಿಂತು ಕೂಗಿ ಹೇಳುವಷ್ಟರಲ್ಲಿ ನನ್ನ ಸಮಾಚಾರ ಬೀದಿಯ ಕೊನೆಯ ಮನೆಗೂ ಮುಟ್ಟಿರುತ್ತದೆ. ಅದಕ್ಕೆ ಕಾಗದವೇ ವಾಸಿ.

ಇಲ್ಲಿ ಹೊಸ ಪುಸ್ತಕ ಶುರುವಾಗಿದೆ. ಕಣ್ಣು ಕಾಣದ ಮಕ್ಕಳ ಶಾಲೆಗಳಿಗಾಗಿ ಪ್ರಪಂಚದ ಇತಿಹಾಸ, ನಲವತ್ತು ಅಧ್ಯಾಯ. ಅಷ್ಟನ್ನೂ ಓದಿ ಧ್ವನಿಮುದ್ರಿಸುವವಳು ನಾನೊಬ್ಬಳೇ. ಆರು ವರ್ಷದಿಂದ ಪುಸ್ತಕ ಇದ್ದಾಗ ಕರೆಸಿ, ಇಲ್ಲದಾಗ ಮನೆಗೆ ಕಳಿಸುತ್ತಿದ್ದರು. ಈಗ ನಿರ್ದೇಶಕಿ ಮೇಡಂ, ‘ಇದೊಂದು ಮುಗಿಸಮ್ಮ, ಖಾಯಂ ಆದೇಶ ಕೈಗೆ ಕೊಡ್ತೀನಿ’ ಎಂದಿದ್ದಾರೆ. ನಾನು ಹೂಂ ಎಂದು ಗಂಭೀರವಾಗಿ ತಲೆ ಆಡಿಸಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಓದುವ ಕೋಣೆ ನಮ್ಮ ಮನೆಯ ಬಟ್ಟೆ ಬೀರುವಿಗಿಂತ ಸ್ವಲ್ಪ ದೊಡ್ಡದು. ಗೋಡೆಗೆಲ್ಲ ಸ್ಪಂಜು ಬಡಿದಿದ್ದಾರೆ. ಫ್ಯಾನು ಸದ್ದು ಮಾಡುತ್ತದೆಂದು ಓದುವಾಗ ಆರಿಸಬೇಕು. ಬಳೆ ಹಾಕುವಂತಿಲ್ಲ, ಸರಸರ ಅನ್ನುವ ಬಟ್ಟೆ ಉಡುವಂತಿಲ್ಲ. ಹೊಟ್ಟೆ ಗುರ್ ಎಂದರೆ ಅದೂ ಮೈಕಿಗೆ ಬೀಳುತ್ತದೆ, ಅದಕ್ಕೆ ಒಳಗೆ ಹೋಗುವ ಮೊದಲು ಒಂದು ಬಾಳೆಹಣ್ಣು ತಿನ್ನುತ್ತೇನೆ. ಊಟ ಬಿಟ್ಟು ಓದುತ್ತೇನೆಂದು ಅಮ್ಮಿ ಗೊಣಗಬಾರದೆಂದು ಇದನ್ನು ಬರೆದೆ.

ಒಂದು ಮಾತು ಕೇಳಬೇಕಿತ್ತು. ಪ್ರವಾದಿ ಮುಹಮ್ಮದ್(ಸ) ಅವರ ಹೆಸರು ಬಂದಾಗಲೆಲ್ಲ ನಾವು ಆ ಮಾತು ಹೇಳುತ್ತೇವಲ್ಲ, ಅದು ಯಾಕೆ? ಪ್ರತಿಯೊಂದು ಸಲವೂ ಹೇಳಲೇಬೇಕೇ? ಒಂದು ಕಡೆ ಕೂತಾಗ ಮೊದಲ ಸಲ ಹೇಳಿದರೆ ಸಾಲದೇ? ಸುಮ್ಮನೆ ಕೇಳುತ್ತಿದ್ದೇನೆ.

ನಿಮ್ಮ ಬಾಯಿಬಡುಕಿ


ಫೆಬ್ರವರಿ ೯

ಬಾಯಿಬಡುಕಿ ಮಗಳಿಗೆ,

ವಅಲೈಕುಮ್ ಅಸ್ಸಲಾಮ್. ‘ಸುಮ್ಮನೆ ಕೇಳುತ್ತಿದ್ದೇನೆ’ ಅಂದವರು ಯಾರೂ ಸುಮ್ಮನೆ ಕೇಳಿದ್ದನ್ನು ಈ ಅರವತ್ತೆಂಟು ವರ್ಷದಲ್ಲಿ ನಾನು ಕಂಡಿಲ್ಲ. ಅದೂ ಅಲ್ಲದೆ, ಆ ಹೆಸರಿನ ಮುಂದೆ ಬ್ರಾಕೆಟ್ಟಿನಲ್ಲಿ ಒಂದೇ ಒಂದು ಅಕ್ಷರ ಕೂರಿಸಿ ಕೈ ತೊಳೆದುಕೊಂಡಿದ್ದೀಯ. ಬಾಳೆಹಣ್ಣಿನ ಕಥೆಗೆ ಎರಡು ಸಾಲು ಇದೆ, ಇದಕ್ಕೆ ಜಾಗವಿಲ್ಲವೇ? ಬಿಡಿಸಿ ಬರೆಯುತ್ತೇನೆ ನೋಡು: ಸಲ್ಲಲ್ಲಾಹು ಅಲೈಹಿ ವಸಲ್ಲಮ್. ಶಾಯಿ ಮುಗಿಯಲಿಲ್ಲ, ಕಾಗದವೂ ಹರಿಯಲಿಲ್ಲ.

ಯಾಕೆ ಎಂದು ಕೇಳಿದ್ದೀಯ. ಮೊದಲನೆಯದು, ಅದು ನಮಗೆ ಆಗಿರುವ ಅಪ್ಪಣೆ. ಅಲ್ಲಾಹನೂ ಅವನ ದೂತರಾದ ಮಲಕುಗಳೂ ಅವರಿಗೆ ಶುಭ ಕಳಿಸುವಾಗ ನಾನೂ ನೀನೂ ಯಾವ ಗಿಡದ ತೊಪ್ಪಲು? ಎರಡನೆಯದು, ಅದು ಬಿರುದಲ್ಲ, ದುವಾ. ‘ಅಲ್ಲಾಹನೇ, ಅವರ ಮೇಲೆ ನಿನ್ನ ಕೃಪೆ ಇರಲಿ, ಶಾಂತಿ ಇರಲಿ’ ಎಂದು ನಾವು ಅವರ ಪರವಾಗಿ ಕೇಳುತ್ತೇವೆ. ಹಿಂದಿನ ಪ್ರವಾದಿಗಳನ್ನು ನೆನೆದು ಮೂಸಾ, ಈಸಾ, ಇಬ್ರಾಹೀಮ್ ಎಂದಾಗಲೂ ಅಲೈಹಿಸ್ಸಲಾಮ್ ಎನ್ನುವುದು ಅದಕ್ಕೇ. ಅವರಿಂದ ನಮಗೆ ದಾರಿ ಸಿಕ್ಕಿತು, ನಮ್ಮಿಂದ ಅವರಿಗೆ ಸಲ್ಲುವುದು ಇದೊಂದೇ. ಹೆಸರು ಕೇಳಿಯೂ ಇಷ್ಟನ್ನು ಹೇಳದವನು ಜಿಪುಣ ಎಂದು ನನ್ನ ಅಬ್ಬಾ ನನಗೆ ಹೇಳಿದ್ದರು, ನಾನು ನಿನಗೆ ಹೇಳಿದ್ದೆ. ಪ್ರತಿ ಸಲವೂ ಬೇಕೇ ಎಂದು ದೊಡ್ಡ ದೊಡ್ಡ ವಿದ್ವಾಂಸರು ಚರ್ಚೆ ಮಾಡಿದ್ದಾರೆ, ಮಾಡಲಿ. ನಮ್ಮ ಮನೆಯಲ್ಲಿ ಪ್ರತಿ ಸಲವೂ ಬೇಕು.

ನಿನಗೆ ನಾಲ್ಕು ವರ್ಷವಿದ್ದಾಗ ಪಕ್ಕದ ಮನೆಯ ಪೋರನಿಗೂ ಅದೇ ಹೆಸರಿತ್ತು. ನೀನು ಕಿಟಕಿಯಲ್ಲಿ ನಿಂತು ಅವನ ಹೆಸರು ಕೂಗಿ, ಭಕ್ತಿಯಿಂದ ‘ಸಲ್ಲಲ್ಲಾಹು ಅಲೈಹಿ ವಸಲ್ಲಮ್’ ಎಂದು ಸೇರಿಸಿ, ‘ನನ್ನ ಬುಗುರಿ ಕೊಡೋ ಕಳ್ಳ’ ಎಂದು ಕಿರುಚುತ್ತಿದ್ದೆ. ಬೀದಿಯೇ ನಗುತ್ತಿತ್ತು. ಆ ಹುಡುಗಿಗೆ ಇವತ್ತು ‘ಪ್ರತಿ ಸಲವೂ ಬೇಕೇ’ ಎಂಬ ಸಂಶಯ ಬಂದಿದೆ ಎಂದರೆ ಅಲ್ಲಿ ಯಾರೋ ತಲೆ ಕೆಡಿಸಿದ್ದಾರೆ. ಆ ಯಾರೋ ಗಂಡಸೇ? ಮದುವೆಯ ಮಾತೇ? ಇದ್ದರೆ ಸುತ್ತಿಬಳಸದೆ ಬರೆ.

ನಾನಂತೂ ಜೀವಮಾನದಲ್ಲಿ ಒಮ್ಮೆಯೂ ತಪ್ಪಿಸಿದವನಲ್ಲ. ಇವತ್ತಿಗೂ.

ನಿನ್ನ ಅಬ್ಬಾ


ಫೆಬ್ರವರಿ ೧೪

ಅಬ್ಬಾ,

ಅಸ್ಸಲಾಮು ಅಲೈಕುಮ್. ಹೌದು, ಒಬ್ಬ ಗಂಡಸಿದ್ದಾರೆ. ವಯಸ್ಸು ಅರವತ್ತು, ಮೂವರು ಮೊಮ್ಮಕ್ಕಳು, ಮೂಗಿನ ತುದಿಯಲ್ಲಿ ಕನ್ನಡಕ. ನಮ್ಮ ಧ್ವನಿಮುದ್ರಕರು ಅವರು. ಸೊಳ್ಳೆ ಗೋಡೆಗೆ ಕೂತರೂ ಕೇಳಿಸುತ್ತದೆಂದು ಎಲ್ಲರೂ ಅವರನ್ನು ದೊಡ್ಡಕಿವಿ ಎನ್ನುತ್ತಾರೆ. ಮದುವೆಯ ಊಟಕ್ಕೆ ಸಿದ್ಧತೆ ಮಾಡಿದ್ದರೆ ಒಲೆ ಆರಿಸಲು ಅಮ್ಮಿಗೆ ಹೇಳಿ.

ಮಗಳು ಒಂದು ಪ್ರಶ್ನೆ ಕೇಳಿದರೆ ಧರ್ಮದ ಮೇಲಿನ ಅವಳ ಈಮಾನು ಹೋಯಿತು, ಇಲ್ಲವೇ ಗಂಡಸು ಬಂದ ಎಂದುಕೊಳ್ಳುತ್ತೀರಲ್ಲ, ನನಗೆ ಸಿಟ್ಟು ಬಂದಿದೆ. ನಾನೂ ಪೂರ್ತಿ ಹೇಳಲಿಲ್ಲ, ಅದು ನನ್ನ ತಪ್ಪು. ಈಗ ಹೇಳುತ್ತೇನೆ.

ಹನ್ನೊಂದನೆಯ ಅಧ್ಯಾಯ ಧರ್ಮಗಳ ಹುಟ್ಟಿನದು. ಅದರಲ್ಲಿ ಪ್ರವಾದಿಯವರ, ಸಲ್ಲಲ್ಲಾಹು ಅಲೈಹಿ ವಸಲ್ಲಮ್, ಹೆಸರು ಹೆಜ್ಜೆ ಹೆಜ್ಜೆಗೂ ಬರುತ್ತದೆ. ಪುಸ್ತಕದಲ್ಲಿ ಬರೀ ಹೆಸರಿದೆ, ನಾನು ಓದಿದ್ದೂ ಬರೀ ಹೆಸರೇ. ಹಾಗೆಂದೇ ನಾನು ತಿಳಿದಿದ್ದೆ. ಮಾರನೆಯ ದಿನ ದೊಡ್ಡಕಿವಿ ತಲೆ ಕೆರೆದುಕೊಂಡು ಕೂತಿದ್ದರು. ಕೆಲವು ಕಡೆ ಸುಯ್ ಎಂಬ ಸಣ್ಣ ಸದ್ದು ಬಂದಿತ್ತು. ವೈರು ಬದಲಾಯಿಸಿದರು, ಮೈಕು ಬದಲಾಯಿಸಿದರು, ಸ್ಪಂಜಿನ ಹಿಂದೆ ಹಲ್ಲಿ ಇದೆಯೇ ಎಂದು ಟಾರ್ಚು ಬಿಟ್ಟು ನೋಡಿದರು. ಮತ್ತೆ ಓದಿಸಿದರೆ ಮತ್ತೆ ಅದೇ. ಕೊನೆಗೆ ಅವರೇ ಕಂಡುಹಿಡಿದರು. ಮೂಸಾ ಎಂದ ಮೇಲೆ ಗಿಡ್ಡ ಸದ್ದು, ಈಸಾ ಎಂದ ಮೇಲೂ ಗಿಡ್ಡ, ಒಂದೇ ಒಂದು ಹೆಸರಿನ ಮೇಲೆ ಉದ್ದ. ‘ವೈರು ಇಷ್ಟು ಅಚ್ಚುಕಟ್ಟಾಗಿ ಕೆಡಲ್ಲಮ್ಮ’ ಎಂದು ಸದ್ದನ್ನು ದೊಡ್ಡದು ಮಾಡಿ ನನಗೆ ಕೇಳಿಸಿದರು.

ಅಬ್ಬಾ, ಅದು ನಾನು. ನನ್ನದೇ ಉಸಿರಿನಲ್ಲಿ ಪೂರ್ತಿ ಮಾತು, ಒಂದಕ್ಷರ ಬಿಡದೆ. ಹೇಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ದೊಡ್ಡಕಿವಿ ನಕ್ಕರು, ನಾನೂ ನಕ್ಕೆ. ಮೇಡಂ ನಗಲಿಲ್ಲ.

ಅವರದು ಕೆಟ್ಟತನವಲ್ಲ, ಅದೇ ಕಷ್ಟ. ಓದುವವರು ಪುಸ್ತಕಕ್ಕೆ ಒಂದಕ್ಷರ ಕೂಡಿಸಬಾರದು, ಒಂದಕ್ಷರ ಕಳೆಯಬಾರದು. ಇದು ನಮ್ಮ ಕೆಲಸದ ಕಟ್ಟುಪಾಡು. ಹೋದ ವರ್ಷ ಇನ್ನೊಬ್ಬ ಓದುಗಿತ್ತಿ ಕಥೆಯಲ್ಲಿ ಮುದುಕ ಸತ್ತಾಗ ‘ಪಾಪ’ ಎಂದು ತಾನಾಗಿ ಸೇರಿಸಿದ್ದಳು. ಅವಳ ಮೇಲೆ ಹಾರಾಡಿದವಳು ನಾನೇ. ಈಗ ಅವಳು ಟೀ ಕುಡಿಯುವಾಗಲೆಲ್ಲ ನನ್ನ ಕಡೆ ನೋಡಿ ‘ಪಾಪ’ ಎನ್ನುತ್ತಾಳೆ.

ತಿಂಗಳ ಕೊನೆಯೊಳಗೆ ಆ ಅಧ್ಯಾಯವನ್ನು ಶುದ್ಧವಾಗಿ ಓದಿಕೊಡಬೇಕಂತೆ. ಆಗದಿದ್ದರೆ ಇಡೀ ಪುಸ್ತಕ ಬೇರೆಯವರಿಗೆ, ಏಕೆಂದರೆ ಒಂದು ಪುಸ್ತಕಕ್ಕೆ ಒಂದೇ ದನಿ ಇರಬೇಕು. ಪುಸ್ತಕ ಹೋದರೆ ಖಾಯಂ ಆದೇಶವೂ ಹೋಯಿತು. ಏನು ಮಾಡಲಿ, ಹೇಳಿ. ನೀವು ಹೋರಾಡು ಎಂದರೆ ಹೋರಾಡುತ್ತೇನೆ.

ಬಾಯಿಬಡುಕಿ


ಫೆಬ್ರವರಿ ೨೧

ಮಗಳೇ,

ಸಲಾಂ. ಗಂಡಸಿನ ವಿಷಯದಲ್ಲಿ ತಪ್ಪು ತಿಳಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಹೋರಾಟ ಗೀರಾಟ ಬೇಡ. ಬಾಯಿ ಮುಚ್ಚಿ ಮನಸ್ಸಿನಲ್ಲಿ ಹೇಳಿಕೋ. ಅಲ್ಲಾಹನಿಗೆ ಮೈಕು ಬೇಕಾಗಿಲ್ಲ. ಬರೆದದ್ದನ್ನು ಓದುವುದು ನಿನ್ನ ಕೆಲಸ, ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು. ಸಾಲಿನಲ್ಲಿರುವ ಎಲ್ಲರಿಗೂ ತೊಂದರೆಯಾಗುವ ಹಾಗೆ ಹೇಳುವುದಕ್ಕಿಂತ ಸುಮ್ಮನೆ ಕೂರುವುದು ಲೇಸು. ಅಭ್ಯಾಸವಾದರೆ ಅದೂ ಕಷ್ಟವಲ್ಲ.

ಖಾಯಂ ಆಗಲಿ. ಆರು ವರ್ಷ ದುಡಿದಿದ್ದೀಯ. ಇಲ್ಲಿ ಎಲ್ಲ ಕ್ಷೇಮ. ನಾನು ಮನೆಯಲ್ಲೇ ಕೂತು ನೂಲು ಸುತ್ತಿ ಕಂಡಿಕೆ ಮಾಡಿಕೊಡುತ್ತೇನೆ, ಮಗ್ಗದ ಶೆಡ್ಡಿನವರು ಬಂದು ಒಯ್ಯುತ್ತಾರೆ. ಅಮ್ಮಿಗೆ ಮಂಡಿನೋವು ಕಡಿಮೆ.

ನಿನ್ನ ಅಬ್ಬಾ


ಮಾರ್ಚ್ ೧೬

ಅಬ್ಬಾ,

ಅಸ್ಸಲಾಮು ಅಲೈಕುಮ್. ಮೂರು ವಾರ ಬರೆಯಲಿಲ್ಲ. ನಿಮ್ಮ ಕಾಗದ ಓದಿ ಮಡಚಿ ಇಟ್ಟವಳು ಮತ್ತೆ ತೆಗೆಯಲಿಲ್ಲ. ನೀವು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ‘ಸುಮ್ಮನೆ ಕೂರು’ ಎಂದು ನೀವು ಬರೆಯುತ್ತೀರೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಆದರೂ ನಿಮ್ಮ ಮಾತು ಮೀರಲಿಲ್ಲ. ಹೆಸರು ಬಂದಾಗಲೆಲ್ಲ ಬಾಯಿ ಮುಚ್ಚಿಕೊಂಡೆ. ನಾಲಗೆಯನ್ನು ಹಲ್ಲಿನ ನಡುವೆ ಹಿಡಿದೆ. ಹೆಸರು ಮುಗಿದ ಕೂಡಲೇ ಎಡಗೈಯಿಂದ ನನ್ನ ತೊಡೆ ಚಿವುಟಿಕೊಂಡೆ, ನೆನಪಿರಲಿ ಎಂದು. ಆಗ ಉಸಿರು ಬರಲಿಲ್ಲ, ಆದರೆ ಹೆಸರಿನ ಮೇಲೆ ಒಂದು ತಡೆ ಬಂತು. ಎಡವಿ ಸುಧಾರಿಸಿಕೊಂಡವಳ ಹಾಗೆ ಮುಂದಿನ ಪದ ಹಿಡಿಯುತ್ತಿದ್ದೆ. ದೊಡ್ಡಕಿವಿ ಆ ತಡೆಯನ್ನು ಕತ್ತರಿಸಲು ನೋಡಿದರು, ಮುಂದಿನ ಪದದ ಮೂಗೇ ಹೋಯಿತು. ‘ಇದಕ್ಕಿಂತ ಆ ಉಸಿರೇ ಚೆನ್ನಾಗಿತ್ತಮ್ಮ’ ಎಂದರು ಪಾಪ. ಮೇಡಂಗೆ ನನ್ನ ಮೇಲೆ ಅಕ್ಕರೆಯಿದೆ, ಗಡುವನ್ನು ಇನ್ನೊಂದು ತಿಂಗಳು ಮುಂದೆ ಹಾಕಿದರು.

ಮೊನ್ನೆ ಅವರ ಕೋಣೆಯಲ್ಲಿ ಮಾತಾಯಿತು. ಕೋಣೆ ಎಂದರೆ ಎರಡು ಕುರ್ಚಿ, ಒಂದು ಮೇಜು, ನೆಲದಿಂದ ಸೂರಿನವರೆಗೆ ಬ್ರೈಲ್ ಪುಸ್ತಕ. ‘ಅಷ್ಟೊಂದು ಪೂಜೆ ಮಾಡ್ತೀರಾ ನೀವು ಅವರನ್ನ?’ ಎಂದು ಕೇಳಿದರು. ಕೊಂಕಿನಿಂದಲ್ಲ, ತಿಳಿಯದೆ. ನಾನು ಹೇಳಿದೆ: ‘ಮೇಡಂ, ಯಾರನ್ನ ಪೂಜೆ ಮಾಡ್ತೀವೋ ಅವರ ಹತ್ತಿರ ನಾವು ಬೇಡ್ಕೋತೀವಿ. ಇದು ಅವರಿಗೋಸ್ಕರ ಬೇಡ್ಕೊಳ್ಳೋದು. ಅವರು ದೇವರಲ್ಲ, ಮನುಷ್ಯರು ಅಂತ ದಿನಕ್ಕೆ ನೂರು ಸಲ ನೆನಪು ಮಾಡ್ಕೊಳ್ಳೋ ಮಾತಿದು.’ ಇದನ್ನು ನನಗೆ ಹೇಳಿಕೊಟ್ಟವರು ನೀವು ಎಂದು ಹೇಳಲಿಲ್ಲ, ನಿಮ್ಮ ಮೇಲೆ ಸಿಟ್ಟಿತ್ತು.

ಇನ್ನೊಂದು ಮಾತೂ ಹೇಳಿದೆ. ‘ನಿಮ್ಮ ಮೇಷ್ಟ್ರು ಬಂದಾಗ ಮೇಷ್ಟ್ರು ಬಂದ ಅಂತೀರಾ, ಬಂದರು ಅಂತೀರಾ? ಆ ‘ರು’ ಎಲ್ಲಿಂದ ಬಂತು? ಅದನ್ನ ಕತ್ತರಿಸಿ ನೋಡಿ, ನಾಲಗೆ ಕೇಳುತ್ತಾ? ನಿಮ್ಮದು ಒಂದಕ್ಷರ, ನಮ್ಮದು ಸ್ವಲ್ಪ ಉದ್ದ, ಅಷ್ಟೇ.’ ಮೇಡಂ ಜಾಣೆ. ‘ಆ ರು ಪುಸ್ತಕದಲ್ಲಿ ಅಚ್ಚಾಗಿದೆ ಕಣಮ್ಮ, ನಿನ್ನದು ಅಚ್ಚಾಗಿಲ್ಲ. ಕಣ್ಣಿರೋ ಮಗು ಪುಟ ನೋಡಿ ತಿಳ್ಕೊಳ್ಳುತ್ತೆ. ಈ ಮಗುಗೆ ನಿನ್ನ ದನಿ ಬಿಟ್ರೆ ಬೇರೆ ಪುಟ ಇಲ್ಲ. ಅಲ್ಲಿ ನೀನು ಏನೋ ಪಿಸುಗುಟ್ಟಿದರೆ ಅದು ಯಾರನ್ನ ಕೇಳಬೇಕು?’ ಎಂದರು. ಎರಡು ದಿನದಿಂದ ಇದಕ್ಕೆ ಉತ್ತರ ಹುಡುಕುತ್ತಿದ್ದೇನೆ.

ಈಗ ನಿಮ್ಮ ವಿಷಯ. ‘ಸಾಲಿನಲ್ಲಿರುವ ಎಲ್ಲರಿಗೂ ತೊಂದರೆ’ ಎಂದು ಬರೆದಿದ್ದೀರಿ. ಯಾವ ಸಾಲು, ಅಬ್ಬಾ? ನನ್ನ ಕೋಣೆಯಲ್ಲಿ ಇರುವುದು ಒಂದೇ ಕುರ್ಚಿ. ಅಮ್ಮಿಗೆ ಫೋನು ಮಾಡಿ ಕೇಳಿದೆ. ಮೊದಲು ಏನೂ ಇಲ್ಲ ಎಂದರು. ಆಮೇಲೆ, ಗುರುವಾರ ಸಂಜೆಯ ಪ್ರವಚನಕ್ಕೆ ನೀವು ಹೋಗುವುದನ್ನು ಬಿಟ್ಟು ಐದು ತಿಂಗಳಾಯಿತು, ನಮಾಜು ಮುಗಿದ ತಕ್ಷಣ ಚಪ್ಪಲಿ ಮೆಟ್ಟಿ ಮನೆಗೆ ಬರುತ್ತೀರಿ ಎಂದರು. ಒಮ್ಮೆಯೂ ತಪ್ಪಿಸಿದವನಲ್ಲ ಎಂದು ಬರೆದವರು ಯಾರು? ನನಗೆ ಒಂದು ಸುಳ್ಳು ಹೇಳಿದರೆ ಮೂರು ದಿನ ಮಾತು ಬಿಡುತ್ತಿದ್ದಿರಿ. ಈಗ ನಾನು ಎಷ್ಟು ದಿನ ಬಿಡಬೇಕು?

ಬಾಯಿಬಡುಕಿ


ಮಾರ್ಚ್ ೨೪

ಮಗಳೇ,

ಸಲಾಂ. ಅಮ್ಮಿಯ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ಅವಳನ್ನು ನಂಬಿದ್ದು ನನ್ನ ತಪ್ಪು. ಎರಡು ಕಾಗದ ಬರೆದು ಹರಿದೆ, ಇದು ಮೂರನೆಯದು.

ಕಿವಿ ಪೂರ್ತಿ ಹೋಗಿ ಎರಡು ವರ್ಷವಾಯಿತೆಂದು ನಿನಗೆ ಗೊತ್ತು. ಮೂವತ್ತೈದು ವರ್ಷ ವಿದ್ಯುತ್ ಮಗ್ಗಗಳ ನಡುವೆ ನಿಂತವನು ನಾನು. ಆ ಗದ್ದಲದಲ್ಲಿ ನಾವು ಯಾರೂ ಕಿವಿಯಿಂದ ಮಾತು ಕೇಳಿದವರಲ್ಲ, ತುಟಿ ನೋಡಿ ತಿಳಿದವರು. ಅದಕ್ಕೆ ಕಿವಿ ಹೋದಾಗ ನಾನು ಹೆದರಲಿಲ್ಲ. ಪ್ರವಚನದಲ್ಲಿ ಮುಂದಿನ ಸಾಲಿನಲ್ಲಿ ಕೂತು ಮೌಲವಿ ಸಾಹೇಬರ ತುಟಿ ನೋಡುತ್ತಿದ್ದೆ. ಎಲ್ಲ ಮಾತೂ ಸಿಗುತ್ತಿರಲಿಲ್ಲ. ಆದರೆ ಆ ಹೆಸರು ಸಿಗುತ್ತಿತ್ತು. ಮುಹಮ್ಮದ್ ಎನ್ನುವಾಗ ತುಟಿ ಎರಡು ಸಲ ಕೂಡುತ್ತದೆ, ನೀನು ಕನ್ನಡಿಯಲ್ಲಿ ನೋಡಿಕೋ. ಕೂಡಿದ್ದನ್ನು ಕಂಡು, ಅದೇ ಹೆಸರೆಂದು ಖಾತ್ರಿ ಮಾಡಿಕೊಂಡು ನಾನು ಸಲ್ಲಲ್ಲಾಹು ಅಲೈಹಿ ವಸಲ್ಲಮ್ ಎನ್ನುವಷ್ಟರಲ್ಲಿ ಉಳಿದವರು ಹೇಳಿ ಮುಗಿಸಿ ಮೌಲವಿ ಸಾಹೇಬರು ಮುಂದಿನ ಮಾತಿಗೆ ಹೋಗಿರುತ್ತಿದ್ದರು. ಜೊತೆಗೆ ಕಿವುಡನ ದನಿ ಎಷ್ಟು ದೊಡ್ಡದೆಂದು ಕಿವುಡನಿಗೆ ಹೇಗೆ ಗೊತ್ತಾಗಬೇಕು?

ಜನ ತಿರುಗಿ ನೋಡುತ್ತಿದ್ದರು. ಭಕ್ತಿ ಕಂಡು ನೋಡುತ್ತಿದ್ದಾರೆ ಎಂದು ನಾನು ಬೀಗುತ್ತಿದ್ದೆ. ಒಂದು ಗುರುವಾರ ಮಸೀದಿಯ ಕಾರ್ಯದರ್ಶಿ ನನ್ನನ್ನು ಹೊರಗೆ ಕೈಕಾಲು ತೊಳೆಯುವ ಕಟ್ಟೆಯ ಹತ್ತಿರ ಕರೆದು, ಒಂದು ಚೀಟಿ ಕೊಟ್ಟರು. ಮರ್ಯಾದಸ್ಥರು, ನನ್ನ ಮುಂದೆ ಕೂಗಬಾರದೆಂದು ಬರೆದೇ ತಂದಿದ್ದರು. ‘ಚಾಚಾ, ತಪ್ಪು ತಿಳಿಯಬೇಡಿ. ಪ್ರವಚನವನ್ನು ರೆಕಾರ್ಡ್ ಮಾಡಿ ಹೊರ ಊರಿನವರಿಗೆ ಕಳಿಸುತ್ತೇವೆ. ನಿಮ್ಮ ದನಿ ಮಧ್ಯೆ ಬಂದು ಕೆಡುತ್ತದೆ. ದಯವಿಟ್ಟು ಹಿಂದಿನ ಸಾಲಿನಲ್ಲಿ ಕೂತು ಮನಸ್ಸಿನಲ್ಲಿ ಹೇಳಿಕೊಳ್ಳಿ.’

ಶುಕ್ರವಾರ ಜುಮಾ ನಮಾಜಿನ ಖುತ್ಬಾ ಉಪದೇಶದಲ್ಲಿ ತುಟಿ ಬಿಚ್ಚಬಾರದು, ಅದು ನನಗೂ ಗೊತ್ತು. ಇದು ಸಂಜೆಯ ಪ್ರವಚನ, ಎಲ್ಲರೂ ಹೇಳುವಂಥದ್ದು. ನಾನೊಬ್ಬ ಹೇಳಬಾರದು ಅಷ್ಟೇ. ಹಿಂದಿನ ಸಾಲಿನಲ್ಲಿ ಒಂದು ಗುರುವಾರ ಕೂತೆ. ಅಲ್ಲಿಂದ ಕಾಣುವುದು ಜನರ ಬೆನ್ನು ಮಾತ್ರ. ಬೆನ್ನು ನೋಡಿ ಯಾವ ಹೆಸರು ಬಂತೆಂದು ಯಾರು ಹೇಳಬಲ್ಲರು? ಮುಕ್ಕಾಲು ಗಂಟೆ ಕೂತೆ. ಆ ಹೆಸರು ಎಷ್ಟು ಸಲ ಬಂತೋ, ನಾನು ಎಷ್ಟು ಸಲ ಜಿಪುಣನಾದೆನೋ ಗೊತ್ತಿಲ್ಲ. ಮಾರನೆಯ ವಾರದಿಂದ ಹೋಗಲಿಲ್ಲ. ನಾಚಿಕೆಯಾಯಿತು ಮಗಳೇ. ಸಿಟ್ಟು ಬರಬೇಕಾದ ಕಡೆ ನಾಚಿಕೆ ಬಂತು.

ನಿನಗೆ ‘ಮನಸ್ಸಿನಲ್ಲಿ ಹೇಳಿಕೋ’ ಎಂದು ಬರೆದದ್ದು ಧರ್ಮವಲ್ಲ. ಆ ಚೀಟಿಯ ಸಾಲನ್ನೇ ನಿನಗೆ ದಾಟಿಸಿಬಿಟ್ಟೆ. ಮನಸ್ಸಿನಲ್ಲಿ ಹೇಳುವುದು ತಪ್ಪಲ್ಲ. ಆದರೆ ಬೇರೆಯವರು ಬಾಯಿ ಮುಚ್ಚಿಸಿದ ಮೇಲೆ ಹೇಳಿಕೊಳ್ಳುವುದು ನನ್ನ ಮನಸ್ಸಿಗೆ ಹತ್ತಲಿಲ್ಲ. ನಿನ್ನ ಕೆಲಸದ ವಿಷಯದಲ್ಲಿ ಇನ್ನು ನಾನು ಏನೂ ಹೇಳುವುದಿಲ್ಲ. ಹೇಳುವ ಯೋಗ್ಯತೆ ಇಲ್ಲ.

ಅಬ್ಬಾ


ಏಪ್ರಿಲ್ ೨

ಅಬ್ಬಾ,

ಅಸ್ಸಲಾಮು ಅಲೈಕುಮ್. ನಿಮ್ಮ ಕಾಗದವನ್ನು ಕೆಲಸದಲ್ಲೇ ಓದಿದೆ. ಓದುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅದೊಂದೇ ಜಾಗ, ಎಷ್ಟು ಅತ್ತರೂ ಹೊರಗೆ ಕೇಳಿಸುವುದಿಲ್ಲ. ಮೈಕು ಆನ್ ಇತ್ತೆಂದು ಆಮೇಲೆ ಗೊತ್ತಾಯಿತು. ದೊಡ್ಡಕಿವಿ ಏನೂ ಕೇಳದವರ ಹಾಗೆ ಒಂದು ಲೋಟ ಟೀ ತಂದಿಟ್ಟು ಹೋದರು.

ಅಳು ಮುಗಿದ ಮೇಲೆ ಸಿಟ್ಟು ಬಂತು. ನನ್ನ ಬಾಯಿ ಮುಚ್ಚಿಸಲು ಬಂದವರು ಆ ಮಾತನ್ನು ನಂಬದವರು, ಅವರಿಗೆ ಅದು ಸದ್ದು. ನಿಮ್ಮ ಬಾಯಿ ಮುಚ್ಚಿಸಿದವರು ದಿನಾ ಅದನ್ನೇ ಹೇಳುವವರು. ಅವರಿಗೂ ಅದು ಸದ್ದೇ ಆಯಿತಲ್ಲ. ಇಬ್ಬರಿಗೂ ಬೇಕಾದದ್ದು ರೆಕಾರ್ಡು ಚೊಕ್ಕವಾಗಿರುವುದು. ನಿಮ್ಮ ಕಾರ್ಯದರ್ಶಿಯವರಿಗೆ ನಮ್ಮ ಮೇಡಂ ವಿಳಾಸ ಕೊಡಿ, ಜೋಡಿ ಚೆನ್ನಾಗಿದೆ.

ಮೇಡಂ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿತು. ಕಣ್ಣು ಕಾಣದ ಮಗುವಿಗೆ ಪಿಸುಗುಟ್ಟುವುದು ತಪ್ಪು, ಅದು ಅವರು ಹೇಳಿದ್ದು ನಿಜ. ಹಾಗಾದರೆ ಪಿಸುಗುಟ್ಟಬಾರದು. ಸೋಮವಾರ ಕೋಣೆಗೆ ಹೋಗಿ ಹೆಡ್‌ಫೋನು ಹಾಕಿಕೊಂಡು ಹನ್ನೊಂದನೆಯ ಅಧ್ಯಾಯ ಶುರು ಮಾಡುವ ಮೊದಲು ನನ್ನ ಮಾತಿನಲ್ಲಿ ಹೇಳಿದೆ: ‘ಮಕ್ಕಳೇ, ಇದನ್ನು ಓದುತ್ತಿರುವವಳು ಮುಸ್ಲಿಂ ಹೆಂಗಸು. ಪ್ರವಾದಿಗಳ ಹೆಸರು ಬಂದಾಗ ನಾನು ಅವರಿಗೆ ಶಾಂತಿ ಕೋರುತ್ತೇನೆ. ಅದು ಪುಸ್ತಕದ್ದಲ್ಲ, ನನ್ನದು.’ ಆಮೇಲೆ ಓದಿದೆ. ಹೆಸರು ಬಂತು. ಪೂರ್ತಿ ಮಾತನ್ನು ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿದೆ. ಗಾಜಿನಾಚೆ ದೊಡ್ಡಕಿವಿ ಗುಂಡಿ ಒತ್ತಿ ನಿಲ್ಲಿಸಬೇಕಿತ್ತು, ಕನ್ನಡಕ ತೆಗೆದು ಒರೆಸುತ್ತಾ ಕೂತರು. ಅಧ್ಯಾಯ ಪೂರ್ತಿ ಓದಿದೆ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಯಾವುದನ್ನೂ ಓದಿಲ್ಲ.

ಮೇಡಂ ಅದನ್ನು ಕೊನೆಯವರೆಗೂ ಕೇಳಿದರು. ‘ನಿಯಮ ನಿನಗೆ ಗೊತ್ತು’ ಎಂದರು. ಗೊತ್ತು ಎಂದೆ. ‘ನಾಳೆ ಇನ್ನೊಬ್ಬರು ಬಂದು ನಂದೂ ಸೇರಿಸ್ತೀನಿ ಅಂದರೆ ನಾನು ಏನು ಹೇಳಲಿ?’ ಎಂದರು. ನನ್ನ ಹೆಸರು ಹೇಳಿ, ಅವಳನ್ನು ತೆಗೆದೆ ಎನ್ನಿ ಎಂದೆ. ಅವರಿಗೆ ಬೇಜಾರಾಯಿತು, ಕಣ್ಣು ಕೆಳಗೆ ಹಾಕಿದರು. ಉಸಿರಿಲ್ಲದೆ ಓದಿಕೊಡಲು ಇದು ಕೊನೆಯ ಅವಕಾಶ ಎಂದರು. ನಾನು ಹೇಳಿದ್ದು ಇಷ್ಟೇ: ‘ಮೇಡಂ, ನನ್ನ ಹತ್ತಿರ ಇರೋದು ಇದೊಂದೇ ದನಿ. ಅದರಲ್ಲಿ ಇದೂ ಇದೆ. ಬಿಡಿಸಿ ಕೊಡೋಕೆ ಬರಲ್ಲ.’

ಪುಸ್ತಕ ಹೋಯಿತು. ‘ಪಾಪ’ ಎನ್ನುವವಳಿಗೆ ಕೊಟ್ಟಿದ್ದಾರೆ, ಒಂದನೆಯ ಅಧ್ಯಾಯದಿಂದ ಅವಳು ಮತ್ತೆ ಓದಬೇಕು. ಈಗ ನನ್ನನ್ನು ನೋಡಿ ಪಾಪ ಎನ್ನುವುದನ್ನು ಬಿಟ್ಟಿದ್ದಾಳೆ. ಖಾಯಂ ಆದೇಶವೂ ಹೋಯಿತು. ನನ್ನನ್ನು ಪೂರ್ತಿ ಕಳಿಸಿಲ್ಲ, ಭೂಗೋಳದ ಪುಸ್ತಕ ಕೊಟ್ಟಿದ್ದಾರೆ. ಬೆಟ್ಟಕ್ಕೂ ನದಿಗೂ ಸಲಾಂ ಹೇಳಬೇಕಿಲ್ಲವಲ್ಲ, ಅದಕ್ಕಿರಬೇಕು.

ನನಗೆ ದುಃಖವಿಲ್ಲ ಎಂದರೆ ಸುಳ್ಳು. ನಿನ್ನೆ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ. ಆದರೆ ಪಶ್ಚಾತ್ತಾಪವಿಲ್ಲ, ಇನ್ನೊಮ್ಮೆ ಕೇಳಿದರೂ ಹೀಗೇ ಓದುತ್ತೇನೆ. ಯೋಗ್ಯತೆ ಇಲ್ಲ ಎಂದು ಬರೆದಿದ್ದೀರಿ. ಆ ಮಾತು ನನಗೆ ಬೇಡ, ವಾಪಸು ತೆಗೆದುಕೊಳ್ಳಿ. ನೀವು ಕಲಿಸಿದ್ದಕ್ಕೆ ನಾನು ಒಂದು ಕೆಲಸ ಬಿಟ್ಟೆ. ನೀವು ಒಂದು ಸಾಲು ಮುಂದೆ ಹೋಗಿ ಕೂರಲಾರಿರಾ?

ಬಾಯಿಬಡುಕಿ


ಏಪ್ರಿಲ್ ೧೧

ಮಗಳೇ,

ವಅಲೈಕುಮ್ ಅಸ್ಸಲಾಮ್. ನಿನ್ನ ಕಾಗದ ಬುಧವಾರ ಬಂತು. ಅಮ್ಮಿ ಓದಿ, ಮೂಗು ಒರೆಸಿಕೊಂಡು, ‘ಅಪ್ಪನ ಹಟ ಮಗಳಿಗೆ, ಊಟ ಮಾತ್ರ ಇಬ್ಬರಿಗೂ ಬೇಡ’ ಎಂದಳು. ಖಾಯಂ ಹೋದದ್ದಕ್ಕೆ ನನಗೂ ಹೊಟ್ಟೆ ಉರಿಯಿತು. ನಿನ್ನ ತಲೆಯ ಮೇಲೆ ಕೈ ಇಡಬೇಕೆನಿಸಿತು, ಅಷ್ಟು ದೂರ ಕೈ ಚಾಚುವುದಿಲ್ಲ.

ನಿನ್ನೆ ಗುರುವಾರ. ಸಂಜೆಯ ನಮಾಜು ಮುಗಿದ ಮೇಲೆ ನಾನು ಚಪ್ಪಲಿಯ ಕಡೆ ಹೋಗಲಿಲ್ಲ. ಎದ್ದು ಮುಂದಿನ ಸಾಲಿಗೆ ಹೋಗಿ, ಮೌಲವಿ ಸಾಹೇಬರ ಕುರ್ಚಿಗೆ ಎದುರಾಗಿ, ಮಂಡಿ ಮಡಚಿ ಕೂತೆ. ಪಕ್ಕದಲ್ಲಿದ್ದ ದರ್ಜಿ ಸರಿದು ಜಾಗ ಕೊಟ್ಟ. ಕಾರ್ಯದರ್ಶಿಯವರು ಬಂದು ಬಗ್ಗಿ ಏನೋ ಹೇಳಿದರು. ತುಟಿ ನೋಡಿದ್ದರೆ ತಿಳಿಯುತ್ತಿತ್ತು, ನಾನು ಅವರ ಅಂಗಿಯ ಗುಂಡಿ ನೋಡಿದೆ. ಜೇಬಿನಿಂದ ಪೆನ್ನು ತೆಗೆದು ಚೀಟಿ ಬರೆಯಹೋದರು. ಕನ್ನಡಕ ತಂದಿಲ್ಲ ಎಂದೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ದರ್ಜಿಯ ಹೆಗಲು ಕುಲುಕಿತು, ನಗುತ್ತಿದ್ದನೆಂದು ಕಾಣುತ್ತದೆ.

ಪ್ರವಚನ ಶುರುವಾಯಿತು. ರೆಕಾರ್ಡು ಮಾಡುವ ಯಂತ್ರದ ಕೆಂಪು ದೀಪ ಉರಿಯುತ್ತಿತ್ತು. ನಾನು ಕಣ್ಣು ಮಿಟುಕಿಸದೆ ನೋಡಿದೆ. ತುಟಿ ಕೂಡಿತು, ಬಿಟ್ಟಿತು, ಮತ್ತೆ ಕೂಡಿತು. ಸುತ್ತ ಎಲ್ಲರೂ ಹೇಳಿ ಮುಗಿಸಿದರು. ಆಮೇಲೆ ನಾನು ಹೇಳಿದೆ, ಎದೆಯ ತಳದಿಂದ, ಒಂದಕ್ಷರವನ್ನೂ ನುಂಗದೆ: ಸಲ್ಲಲ್ಲಾಹು ಅಲೈಹಿ ವಸಲ್ಲಮ್. ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಈ ಸಲ ಯಾಕೆ ನೋಡುತ್ತಿದ್ದಾರೆಂದು ನನಗೆ ಗೊತ್ತಿತ್ತು, ನಾನು ತಲೆ ತಗ್ಗಿಸಲಿಲ್ಲ. ಮುಂದಿನ ಸಲ ಹೆಸರು ಬಂದಾಗ ಮತ್ತೆ ಹೇಳಿದೆ. ಮೂರನೆಯ ಸಲವೂ ಹೇಳಿದೆ. ಐದು ತಿಂಗಳದ್ದು ಬಾಕಿ ಇತ್ತು.

ಮುಗಿದ ಮೇಲೆ ಬಾಗಿಲಲ್ಲಿ ನಾಲ್ಕೈದು ಜನ ನನ್ನನ್ನು ಸುತ್ತಿಕೊಂಡರು. ಎಲ್ಲರ ತುಟಿಯೂ ಒಟ್ಟಿಗೆ ಆಡುತ್ತಿತ್ತು, ಕೈಯೂ ಆಡುತ್ತಿತ್ತು. ಬೈದರೋ, ಮುಂದಿನ ವಾರ ಬರಬೇಡ ಎಂದರೋ, ಒಳ್ಳೆಯದಾಯಿತು ಎಂದರೋ ನಾನು ನೋಡಲು ಹೋಗಲಿಲ್ಲ. ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಬಂದೆ. ಮುಂದಿನ ಗುರುವಾರವೂ ಹೋಗುತ್ತೇನೆ.

ಅವರು ಏನು ಹೇಳಿದರೋ ನನಗೆ ಗೊತ್ತಿಲ್ಲ. ನಾನು ಏನು ಹೇಳಿದೆ ಎಂಬುದು ಇಡೀ ಮಸೀದಿಗೆ ಗೊತ್ತು.

ನಿನ್ನ ಅಬ್ಬಾ